ಚಿಪ್ ತಣ್ಣಗಾಯ್ತು, ಖೋಲಿ ಕಾದಿತು

ಕ್ರಿಪ್ಟೋ ಮೈನಿಂಗ್ ವಿಷಯ ಬಂದ್ರೆ ಕ್ಲಾಸಲ್ಲಿ ಎರಡು ಥರದ ಜನ ಸಿಗ್ತಾರೆ. "ಮನೇಲಿ ಕಂಪ್ಯೂಟರ್ ಇದ್ರೆ ಸಾಕು ಮಗಾ, ರಾತ್ರಿ ಹಾಕಿ ಮಲ್ಕೊ, ದುಡ್ಡು ಬರುತ್ತೆ" ಅನ್ನೋರು ಒಂದು ಕಡೆ. "ಪ್ರೊಸೆಸರ್ ಸುಟ್ಟೇ ಹೋಗುತ್ತೆ" ಅನ್ನೋರು ಇನ್ನೊಂದು ಕಡೆ. ಇಬ್ಬರೂ ಅಳೆದು ನೋಡಿದವರಲ್ಲ. ನಾವು ಮೂವರು 2024ರ ಬೇಸಿಗೆಯಲ್ಲಿ ನಾಲ್ಕು ದಿನ ಅಳೆದು ನೋಡಿದೆವು. ಲಾಭ ಆಗಲ್ಲ ಅನ್ನೋದು ಮೊದಲೇ ಗೊತ್ತಿತ್ತು. ತಾಪಮಾನವನ್ನು ಎಷ್ಟು ಇಳಿಸಬಹುದು ಅನ್ನೋದಷ್ಟೇ ನಮ್ಮ ಪ್ರಶ್ನೆ.

ಸ್ವಲ್ಪ ಹಿನ್ನೆಲೆ. ಬಿಟ್‌ಕಾಯಿನ್‌ಗೆ ಈಗ ಅದಕ್ಕಂತಲೇ ಮಾಡಿದ ಚಿಪ್‌ಗಳು ಬೇಕು. ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ಮೈನಿಂಗನ್ನೇ ಕೈಬಿಟ್ಟಿತು. ಮನೆಯ ಸಿಪಿಯುಗೆ ಉಳಿದಿರೋ ದೊಡ್ಡ ಹೆಸರು ಮೊನೆರೊ. ಅದು 2019ರ ನವೆಂಬರ್‌ನಿಂದ ಬಳಸ್ತಿರೋ ರ‍್ಯಾಂಡಮ್‌ಎಕ್ಸ್ ಅಲ್ಗಾರಿದಮ್ ಸಾಮಾನ್ಯ ಪ್ರೊಸೆಸರ್‌ಗಾಗಿಯೇ ರೂಪಿಸಿದ್ದು. ಒಂದೊಂದು ಥ್ರೆಡ್‌ಗೆ 2 ಎಂಬಿ ಕ್ಯಾಶ್ ಬೇಕು, ಜೊತೆಗೆ 2 ಜಿಬಿಗಿಂತ ಸ್ವಲ್ಪ ಹೆಚ್ಚು ರ‍್ಯಾಮ್. ಅಂದ್ರೆ ಕೋರು, ಕ್ಯಾಶ್, ಮೆಮೊರಿ ಮೂರೂ ಬಿಡುವಿಲ್ಲದೆ ದುಡೀತಾವೆ. ಗೇಮ್ ಆಡುವಾಗ ಲೋಡ್ ಏರಿಳಿಯುತ್ತೆ. ಇಲ್ಲಿ ಹಾಗಲ್ಲ, ದಿನದ 24 ಗಂಟೆಯೂ ಒಂದೇ ಸಮ.

ನಮ್ಮಲ್ಲೊಬ್ಬನ ಮನೆ ಕಲಬುರಗಿಯಲ್ಲಿ. ಅಲ್ಲಿದ್ದದ್ದು ರೈಜೆನ್ 5 3600: ಆರು ಕೋರು, ಹನ್ನೆರಡು ಥ್ರೆಡ್ಡು, ಜೊತೆಗೆ ಬಂದ ಚಿಕ್ಕ ಕೂಲರ್ರು. ಈ ಚಿಪ್‌ನ ತಾಪಮಾನದ ಮಿತಿ 95 ಡಿಗ್ರಿ. ಅದರ ಹತ್ತಿರ ಹೋದ್ರೆ ಚಿಪ್ ಸುಡಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತೆ. ಮೊದಲ ದಿನ ಮಧ್ಯಾಹ್ನ ಹೊರಗೆ 41 ಡಿಗ್ರಿ. ಮೈನಿಂಗ್ ಶುರುವಾದ ಹತ್ತೇ ನಿಮಿಷಕ್ಕೆ ಚಿಪ್ 94ಕ್ಕೆ ಹೋಗಿ ಅಲ್ಲೇ ನಿಂತಿತು. ಸೆಕೆಂಡಿಗೆ 5,600 ಹ್ಯಾಶ್. ಪ್ಲಗ್‌ಗೆ ಹಾಕಿದ್ದ ಮೀಟರ್‌ನಲ್ಲಿ 112 ವ್ಯಾಟ್.

ಎರಡನೇ ದಿನ ಎಲ್ಲರೂ ಮಾಡೋದನ್ನೇ ಮಾಡಿದೆವು. ಹೀಟ್‌ಸಿಂಕ್ ಬಿಚ್ಚಿ ಧೂಳು ಊದಿದೆವು, ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು, ಕ್ಯಾಬಿನೆಟ್ ಗೋಡೆಯಿಂದ ದೂರ ಸರಿಸಿ ಪಕ್ಕದ ಬಾಗಿಲು ತೆಗೆದಿಟ್ಟೆವು. ತಾಪಮಾನ 85ಕ್ಕೆ ಇಳೀತು, ಹ್ಯಾಶ್ 6,200ಕ್ಕೆ ಏರಿತು. ನಾವು ಕುಣಿದಾಡಿದೆವು. ಆದ್ರೆ ಪ್ಲಗ್ ಮೀಟರ್ ಈಗ 130 ವ್ಯಾಟ್ ತೋರಿಸ್ತಿತ್ತು! ಬಿಸಿಯಿಂದ ಕುಂಟುತ್ತಿದ್ದ ಚಿಪ್‌ಗೆ ನಾವು ಓಡೋಕೆ ದಾರಿ ಬಿಟ್ಟಿದ್ದೆವು. ಅದು ಓಡಿತು, ಅಷ್ಟೇ ಹೆಚ್ಚು ಕರೆಂಟ್ ಎಳೀತು.

ಅದೇ ಖೋಲಿಯಲ್ಲಿ ಗೆಳೆಯನ ಅಜ್ಜಿ ಮಲಗ್ತಾರೆ. ರಾತ್ರಿ ಎದ್ದು ಕೂತು, "ಏ ತಮ್ಮಾ, ಪಂಖಾ ತಿರಗ್ತದ, ಆದ್ರೂ ಖೋಲಿ ಒಲಿ ಆಗ್ಯಾದಲ್ಲೋ" ಅಂದ್ರು.

ಅಜ್ಜಿ ಹೇಳಿದ್ದು ಥರ್ಮೋಡೈನಮಿಕ್ಸ್‌ನ ಮೊದಲ ನಿಯಮವೇ. ಫ್ಯಾನು, ಪೇಸ್ಟು, ಲಿಕ್ವಿಡ್ ಕೂಲಿಂಗು ಯಾವುದೂ ಶಾಖವನ್ನು ಇಲ್ಲವಾಗಿಸಲ್ಲ, ಚಿಪ್‌ನಿಂದ ಖೋಲಿಗೆ ಸಾಗಿಸುತ್ತವೆ ಅಷ್ಟೇ. ಪ್ಲಗ್‌ನಿಂದ ಎಳೆದ 130 ವ್ಯಾಟೂ ಕೊನೆಗೆ ಬಿಸಿಯೇ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಹೊರಬರೋ ಶಾಖ ಸುಮಾರು 100 ವ್ಯಾಟ್. ಅಂದ್ರೆ ಅಜ್ಜಿಯ ಖೋಲಿಯಲ್ಲಿ ಎದ್ದು ಹೋಗದ ಒಬ್ಬ ಅತಿಥಿಯನ್ನು ತಂದು ಕೂರಿಸಿದ ಹಾಗೆ. ನಾವು ನೋಡ್ತಿದ್ದದ್ದು ಚಿಪ್‌ನ ತಾಪಮಾನ. ಇಳಿಸಬೇಕಿದ್ದದ್ದು ವ್ಯಾಟ್.

ವ್ಯಾಟ್ ಇಳಿಸೋ ದಾರಿ ನಮ್ಮ ಸಿಲಬಸ್‌ನಲ್ಲೇ ಇದೆ. ಸಿಮಾಸ್ ಸರ್ಕ್ಯೂಟಿನ ಡೈನಮಿಕ್ ಪವರ್ ವೋಲ್ಟೇಜಿನ ವರ್ಗಕ್ಕೂ ಫ್ರೀಕ್ವೆನ್ಸಿಗೂ ಅನುಪಾತದಲ್ಲಿರುತ್ತೆ. ಪರೀಕ್ಷೆಗೆ ಉರು ಹೊಡೆದಿದ್ದ ಸೂತ್ರವನ್ನು ಮೂರನೇ ದಿನ ಬಯಾಸ್‌ನಲ್ಲಿ ಹಾಕಿದೆವು. 4 ಗಿಗಾಹರ್ಟ್ಜ್, 1.3 ವೋಲ್ಟ್ ಇದ್ದದ್ದನ್ನು 3.6 ಗಿಗಾಹರ್ಟ್ಜ್, 1.05 ವೋಲ್ಟ್‌ಗೆ ಇಳಿಸಿದೆವು. ಲೆಕ್ಕ ಹಾಕಿ ನೋಡಿ: ವೇಗ ಶೇಕಡಾ 10 ಕಡಿಮೆ, ಡೈನಮಿಕ್ ಪವರ್ ಶೇಕಡಾ 41 ಕಡಿಮೆ. ಮೀಟರ್ 90 ವ್ಯಾಟ್‌ಗೆ ಬಂತು, ಚಿಪ್ 71 ಡಿಗ್ರಿಗೆ. ಹ್ಯಾಶ್ 5,650. ಮೊದಲ ದಿನ 94 ಡಿಗ್ರಿಯಲ್ಲಿ ಒದ್ದಾಡ್ತಾ ಕೊಟ್ಟದ್ದನ್ನೇ ಈಗ ಆರಾಮಾಗಿ ಕೊಡ್ತಿತ್ತು.

ತಾಪಮಾನದ ಪ್ರಶ್ನೆಗೆ ಉತ್ತರ ಸಿಕ್ಕಿತು. ಉಳಿದದ್ದು ಗೆಳೆಯನ ಅವ್ವನ ಪ್ರಶ್ನೆ. ಕಂಪ್ಯೂಟರ್ ಹಚ್ಚೋಕೆ ಒಪ್ಪಿದಾಗಲೇ ಅವರು ಹೇಳಿದ್ರು: "ನಾಕ ದಿನ ಹಚ್ಚರಿ. ಇನ್ನೂರು ದಾಟಿದ್ರ ಬಿಲ್ ನೀವೇ ಕಟ್ಟಬೇಕು ನೋಡ್ರಿ." ಗೃಹಜ್ಯೋತಿಯಲ್ಲಿ ಆ ಮನೆಗೆ ಸಿಕ್ಕ ಮಿತಿ ತಿಂಗಳಿಗೆ 170 ಯೂನಿಟ್. ಅದರಿಂದ 200ರವರೆಗೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್. ಅವ್ವ ಹೆದರಿ 140ರೊಳಗೇ ನಿಲ್ಲಿಸ್ತಿದ್ರು. ಅಜ್ಜಿಯ ಏರ್‌ಕೂಲರ್ರನ್ನು ರಾತ್ರಿ ಹನ್ನೆರಡಕ್ಕೆ ಬಂದ್ ಮಾಡ್ತಿದ್ದದ್ದೂ ಅದಕ್ಕೇ.

ನಾಲ್ಕನೇ ದಿನ ಹಾಳೆ ಹಿಡಿದು ಕೂತೆವು. 130 ವ್ಯಾಟ್‌ನಲ್ಲಿ ತಿಂಗಳಿಡೀ ಓಡಿಸಿದ್ರೆ 94 ಯೂನಿಟ್. ಮನೆಯದ್ದು ಸೇರಿ 234. ಆಗಿನ 5.90 ರೂಪಾಯಿ ದರದಲ್ಲಿ ಸುಮಾರು 1,380 ರೂಪಾಯಿ, ನಿಗದಿತ ಶುಲ್ಕ ಬೇರೆ. ನಮ್ಮ ಜಾಣತನದ 90 ವ್ಯಾಟ್‌ನಲ್ಲೂ 65 ಯೂನಿಟ್, ಒಟ್ಟು 205. ಐದೇ ಐದು ಯೂನಿಟ್‌ಗೆ ಇಡೀ ತಿಂಗಳ ಉಚಿತ ಹೋಯ್ತು. ಇತ್ತ ನಾಲ್ಕು ದಿನದ ಗಳಿಕೆ ನಲವತ್ತು ರೂಪಾಯಿ ಚಿಲ್ಲರೆ. ಪೂಲ್‌ನಿಂದ ಹೊರತೆಗೆಯೋಕೆ ಬೇಕಾದ ಕನಿಷ್ಠ ಮೊತ್ತದ ಹತ್ತಿರವೂ ಅದು ಇರಲಿಲ್ಲ.

ಅದೇ ಹಾಳೆಯ ಕೆಳಗೆ ಇನ್ನೊಂದು ಲೆಕ್ಕ ಬರೆದೆವು. ಏರ್‌ಕೂಲರ್ 150 ವ್ಯಾಟ್. ಹನ್ನೆರಡರಿಂದ ಬೆಳಗಿನ ಆರರವರೆಗೆ ಹಚ್ಚಿದ್ರೆ ತಿಂಗಳಿಗೆ 27 ಯೂನಿಟ್. 140ಕ್ಕೆ ಸೇರಿಸಿದ್ರೆ 167, ಮಿತಿಯ ಒಳಗೇ. ಹಾಳೆಯನ್ನು ಅವ್ವನ ಕೈಗೆ ಕೊಟ್ಟೆವು. ಅವರು ಮೀಟರ್ ಹತ್ತಿರ ಹೋಗಿ ನೋಡಿ, ಎರಡು ಸಲ ಕೂಡಿಸಿ, "ಹಂಗಿದ್ರ ಹಚ್ಚಲಿ ಬಿಡ್ರಿ" ಅಂದ್ರು. ಮೈನಿಂಗ್ ಅವತ್ತೇ ಬಂದ್ ಆಯ್ತು.

ವೋಲ್ಟೇಜ್ ಸೆಟ್ಟಿಂಗ್ ಮಾತ್ರ ಹಾಗೇ ಉಳಿಸಿಕೊಂಡಿದ್ದೇವೆ. ಪ್ರಾಜೆಕ್ಟ್ ಕಂಪೈಲ್ ಮಾಡೋವಾಗ, ಮಾಡೆಲ್ ಟ್ರೈನ್ ಮಾಡೋವಾಗ, ವಿಡಿಯೊ ರೆಂಡರ್ ಮಾಡೋವಾಗ ಅದು ಅಷ್ಟೇ ಕೆಲಸಕ್ಕೆ ಬರುತ್ತೆ. ನೀವೂ ಮಾಡೋದಾದ್ರೆ ವೋಲ್ಟೇಜ್ ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಒಂದು ಗಂಟೆ ಲೋಡ್ ಕೊಟ್ಟು ನೋಡಿ, ಹ್ಯಾಂಗ್ ಆದ್ರೆ ಒಂದು ಹೆಜ್ಜೆ ಹಿಂದೆ ಬನ್ನಿ. ಪ್ಲಗ್ ಮೀಟರ್ ಒಂದನ್ನು ನಾಲ್ಕು ಜನ ಸೇರಿ ಕೊಳ್ಳಿ. ತಾಪಮಾನ ತೋರಿಸೋ ಸಾಫ್ಟ್‌ವೇರ್ ಚಿಪ್‌ನ ಕಥೆ ಮಾತ್ರ ಹೇಳುತ್ತೆ. ಆ ಖೋಲಿಯಲ್ಲಿ ಯಾರು ಮಲಗ್ತಾರೆ, ಆ ಬಿಲ್ ಯಾರು ಕಟ್ತಾರೆ ಅನ್ನೋದನ್ನು ನಾವೇ ಕೇಳಿ ತಿಳ್ಕೋಬೇಕು.