ಚಾಟಣಿಯ ಕಾಲ

ಜಮಖಂಡಿ ತಾಲೂಕಿನ ಸಾವಳಗಿಯ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ವರ್ಷದಲ್ಲಿ ಎರಡು ಚಾಟಣಿಗಳುಂಟು: ಏಪ್ರಿಲಿನಲ್ಲೊಂದು, ಅಕ್ಟೋಬರದ ಸುಮಾರಿಗೆ ಇನ್ನೊಂದು. ಅಕ್ಟೋಬರದ ಚಾಟಣಿಯ ಬೆನ್ನಿಗೇ ಹೂವೂ ಕಾಯಿಯೂ ಕಾಣಿಸಿಕೊಳ್ಳುವುದರಿಂದ ನೋಡುವವರು ಅದನ್ನೇ ದೊಡ್ಡದೆಂದು ತಿಳಿಯುವರು. ಬೆಳೆಗಾರನು ಹಾಗೆ ತಿಳಿಯನು. ಏಪ್ರಿಲಿನಲ್ಲಿ ಕತ್ತರಿಸಿದ ತರುವಾಯ ಒಡೆಯುವ ಹೊಸ ಕಡ್ಡಿಯ ಕಣ್ಣುಗಳಲ್ಲಿಯೇ, ಹೊರಗೆ ಏನೊಂದೂ ತೋರದಿರುವಾಗ, ಮುಂದಿನ ಗೊನೆಯು ಮೂಡಿರುತ್ತದೆ. ಆಗ ತಪ್ಪಿದುದನ್ನು ಅಕ್ಟೋಬರದಲ್ಲಿ ಯಾವ ಗೊಬ್ಬರವೂ ತಂದುಕೊಡಲಾರದು.

ಆ ಕಡೆಯ ಒಬ್ಬ ಒಕ್ಕಲಿಗನಿಗೆ ಬಳ್ಳಿಯ ವಿಷಯದಲ್ಲಿ ಇದು ಚೆನ್ನಾಗಿ ಗೊತ್ತಿತ್ತು. ಮಗಳ ವಿದ್ಯೆಯ ವಿಷಯದಲ್ಲಿ ಗೊತ್ತಿರಲಿಲ್ಲ.

ಆತನ ಹಿರಿಯ ಮಗಳು 2016ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿಂದ ಉತ್ತೀರ್ಣಳಾದಳು. ಅವಳ ಜೀವವೆಲ್ಲ ತೋಟದಲ್ಲಿ. ಯಾವ ದಿನ ಯಾವ ಔಷಧಿ ಹೊಡೆದರು, ಯಾವ ಸಾಲಿನಲ್ಲಿ ಬೂದಿರೋಗ ಮೊದಲು ಕಂಡಿತು ಎಂಬುದೆಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಅವಳು ತೋಟದ ಶಾಸ್ತ್ರವನ್ನೇ ಓದಿ ಊರಿಗೆ ಮರಳಬೇಕೆಂಬುದು ತಂದೆಯ ಇಚ್ಛೆಯೂ ಆಗಿದ್ದಿತು. ಇಚ್ಛೆಗೆ ಕೊರತೆಯಿರಲಿಲ್ಲ, ಅದಕ್ಕೆ ಯಾವ ವಿಷಯಗಳನ್ನು ಓದಿರಬೇಕೆಂದು ಮಾತ್ರ ಯಾರೂ ಕೇಳಲಿಲ್ಲ. ಕಲಾವಿಭಾಗದ ಕಾಲೇಜು ಹತ್ತಿರವಿದ್ದಿತು, ಬಸ್ಸಿನ ಅನುಕೂಲವಿದ್ದಿತು, ಟ್ಯೂಶನ್ನಿನ ಖರ್ಚಿರಲಿಲ್ಲ. “ಮೊದಲು ಪಿ.ಯು.ಸಿ. ಮುಗಿಯಲಿ, ಮುಂದಿನದು ಮುಂದೆ” ಎಂದು ಹಿತೈಷಿಯೊಬ್ಬರು ಹೇಳಿದರು. ಅರ್ಜಿಯು ಒಂದೇ ಸಂಜೆಯಲ್ಲಿ ತುಂಬಿತು.

2018ರಲ್ಲಿ ಅವಳು ಪ್ರಥಮ ವರ್ಗದಲ್ಲಿ ಪಿ.ಯು.ಸಿ. ಮುಗಿಸಿದಳು. ತಂದೆಯು ಅವಳನ್ನು ಕರೆದುಕೊಂಡು ಬಾಗಲಕೋಟೆಗೆ ಹೋದನು. ಅಲ್ಲಿ 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವುಂಟು. ಭೇಟಿಯಾದ ಅಧ್ಯಾಪಕರು ಅಂಕಗಳನ್ನು ಕೇಳಲಿಲ್ಲ. “ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರುವಳೇ?” ಎಂದಷ್ಟೇ ಕೇಳಿದರು. ಇಲ್ಲವೆಂದ ಮೇಲೆ ಹೇಳುವುದೇನೂ ಉಳಿಯಲಿಲ್ಲ. ಒಕ್ಕಲಿಗರ ಮಕ್ಕಳಿಗಾಗಿ ಅಲ್ಲಿ ಪ್ರತ್ಯೇಕವಾದ ಪಾಲುಂಟೆಂದು ತಂದೆಗೆ ತಿಳಿದುದು ಅಂದೇ. ತಿರುಗಿ ಬರುವಾಗ ಬಸ್ಸಿನಲ್ಲಿ ಇಬ್ಬರೂ ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ಮಗಳು, “ಆ ನೋಟುಬುಕ್ಕನ್ನು ಇನ್ನು ತಂಗಿ ಬರೆಯಲಿ” ಎಂದಳು.

ಹಿಂದಿನ ಕಾಲದಲ್ಲಿ ಇಂಥ ಕವಲುಗಳು ಇಷ್ಟು ಬೇಗ ಬರುತ್ತಿರಲಿಲ್ಲ. ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿದ್ದಾಗ ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನ ಹುಡುಗರಿಗೆ ಇದ್ದುದು ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಎಂಬ ಒಂದೇ ಹೆಬ್ಬಾಗಿಲು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು 1902ರಲ್ಲಿ ಅದನ್ನು ದಾಟಿದರು. ಅವರು ಕಾಲೇಜಿನಲ್ಲಿ ಗಣಿತವನ್ನು ಓದಿ, ತರುವಾಯ ತತ್ತ್ವಶಾಸ್ತ್ರದ ಕಡೆಗೆ ತಿರುಗಿದರು. ಗಣಿತದಿಂದ ತತ್ತ್ವಶಾಸ್ತ್ರಕ್ಕೆ ದಾರಿಯು ಅಂದಿದ್ದಂತೆ ಇಂದೂ ಉಂಟು. ಆದರೆ ಹತ್ತನೆಯ ತರಗತಿಯಾದೊಡನೆ ವಿಜ್ಞಾನವನ್ನು ಬಿಟ್ಟವರಿಗೆ ಮರಳುವ ದಾರಿ ಇಲ್ಲವೆನ್ನುವಷ್ಟು ಕಿರಿದು. ಗಣಿತವಿಲ್ಲದೆ ಎಂಜಿನಿಯರಿಂಗಿಲ್ಲ, ಜೀವಶಾಸ್ತ್ರವಿಲ್ಲದೆ ವೈದ್ಯವಿಲ್ಲ.

ಹೈಸ್ಕೂಲಿನಲ್ಲಿ ಈ ಕವಲು ಕಣ್ಣಿಗೆ ಬೀಳದು. ಆ ಹುಡುಗಿಯು ಬರೆದ ಪರೀಕ್ಷೆಯಲ್ಲಿ ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜವಿಜ್ಞಾನ ಹೀಗೆ ಆರು ವಿಷಯಗಳು. ಒಟ್ಟು 625 ಅಂಕಗಳು. ಆರಿಸಿಕೊಳ್ಳಲು ಅವಕಾಶವಿದ್ದುದು ಭಾಷೆಗಳಲ್ಲಿ ಮಾತ್ರ. ಆದುದರಿಂದಲೇ ಮನೆಯವರು ಮೂರು ವರ್ಷಗಳ ಕಾಲ ಯೋಚಿಸುವುದೇನೂ ಇಲ್ಲವೆಂದು ನಿಶ್ಚಿಂತರಾಗಿರುವರು. ಫಲಿತಾಂಶ ಬಂದ ಮೇಲೆ ಕೆಲವೇ ದಿನಗಳಲ್ಲಿ ಎಲ್ಲವನ್ನೂ ತೀರ್ಮಾನಿಸುವರು. ಕಲಾವಿಭಾಗವು ವಿಜ್ಞಾನಕ್ಕಿಂತ ಕೀಳೆಂದು ಇದರ ಅರ್ಥವಲ್ಲ. ಇತಿಹಾಸವನ್ನು ಬಯಸುವವರಿಗೆ ಅದುವೇ ರಾಜಮಾರ್ಗ. ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲು ಕೇಳಿ, ಯಾವ ಬಸ್ಸೆಂಬುದನ್ನು ಆಮೇಲೆ ಕೇಳಬೇಕು. ಆ ಮನೆಯಲ್ಲಿ ಬಸ್ಸು ಮೊದಲಾಯಿತು.

2019ರ ಜೂನಿನಲ್ಲಿ ಕಿರಿಯ ಮಗಳು ಎಂಟನೆಯ ತರಗತಿಗೆ ಬಂದಳು. ಒಂದು ರವಿವಾರ ಹಿರಿಯಳೇ ಎಲ್ಲರನ್ನೂ ಕೂಡಿಸಿದಳು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಕೊನೆಯಿಂದ ಮೊದಲಿಗೆ ಬರೆಯತೊಡಗಿದಳು. ಎಲ್ಲಕ್ಕೂ ಮೇಲೆ ಬಾಗಲಕೋಟೆ. ಅದರ ಕೆಳಗೆ ಪಿ.ಯು.ಸಿ.ಯಲ್ಲಿ ಬೇಕಾಗುವ ವಿಷಯಗಳು. ಅದರ ಕೆಳಗೆ ಆ ವಿಷಯಗಳಿರುವ ಕಾಲೇಜು, ಅಲ್ಲಿಗೆ ತಗಲುವ ವೆಚ್ಚ. ಎಲ್ಲಕ್ಕೂ ಕೆಳಗೆ ಈ ಮೂರು ವರ್ಷಗಳಲ್ಲಿ ಗಟ್ಟಿಯಾಗಬೇಕಾದ ಗಣಿತ, ವಿಜ್ಞಾನ. ಪ್ರಥಮ ಭಾಷೆಯ ಮಾತು ಬಂದಾಗ, ಸಂಸ್ಕೃತದಲ್ಲಿ ಅಂಕಗಳು ಸುಲಭವಾಗಿ ಸಿಗುವುವೆಂದು ನೆರೆಯವರು ಹೇಳಿದುದನ್ನು ತಂದೆಯು ನೆನಪಿಸಿದನು. “ಯಾವುದನ್ನು ಪ್ರೀತಿಯಿಂದ ಓದುವಳೋ ಅದನ್ನು ಓದಲಿ” ಎಂದಳು ತಾಯಿ. ಕಿರಿಯಳು ಕನ್ನಡವೆಂದಳು.

ಬಳಿಕ ಅವಳು ಹಾಳೆಯನ್ನು ದಿಟ್ಟಿಸಿ ನೋಡಿ, “ಆ ಹೊತ್ತಿಗೆ ನನಗೆ ತೋಟವೇ ಬೇಡವೆನಿಸಿದರೆ?” ಎಂದು ಕೇಳಿದಳು.

“ಬೇಡವೆನ್ನುವ ಅಧಿಕಾರ ನಿನ್ನ ಕೈಯಲ್ಲಿರಲೆಂದೇ ಇದನ್ನು ಬರೆಯುತ್ತಿರುವೆ” ಎಂದಳು ಅಕ್ಕ. “ನನಗೆ ಅದೂ ಉಳಿಯಲಿಲ್ಲ.”

ಕೆಲಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ತಂದೆಯು ಪೆನ್ನನ್ನು ಇಸಿದುಕೊಂಡು, ಹಾಳೆಯ ಬದಿಯಲ್ಲಿ ಖಾಲಿಯಿದ್ದ ಸ್ಥಳದಲ್ಲಿ ಹಿರಿಯಳ ಹೆಸರನ್ನು ಬರೆದನು. ಅವಳ ಬಿ.ಎ. ಮುಗಿಯಲು ಇನ್ನೂ ಎರಡು ವರ್ಷಗಳಿದ್ದವು. ಆ ಬಳಿಕ ಅವಳಿಗೆ ಯಾವ ಯಾವ ಬಾಗಿಲುಗಳು ತೆರೆದಿರುವುವೆಂಬುದನ್ನು ಈ ಸಲ ಮೊದಲೇ ಕೇಳಿಕೊಂಡು ಬರುವೆನೆಂದನು.