ಚಪ್ಪಲಿ ಕಾದ ಹುಡುಗ

ಧರ್ಮಸ್ಥಳಕ್ಕೆ ಹೋದವರಿಗೆಲ್ಲ ಗೊತ್ತು, ಗಂಡಸರು ಅಂಗಿ ಬನಿಯನ್ ಕಳಚದೆ ಮಂಜುನಾಥನ ಗುಡಿಯೊಳಗೆ ಹೋಗುವಂತಿಲ್ಲ. 2022ರ ಡಿಸೆಂಬರಿನಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಹುಡುಗರೆಲ್ಲ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು, ಒಬ್ಬರ ಪಕ್ಕೆಲುಬನ್ನೊಬ್ಬರು ಎಣಿಸುತ್ತ ಸಾಲಿನಲ್ಲಿ ನಿಂತಿದ್ದರೆ ಒಬ್ಬ ಮಾತ್ರ, "ನಾನು ಬರಲ್ಲ ಮೇಡಂ, ಚಪ್ಪಲಿ ಕಾಯ್ತೀನಿ" ಎಂದು ಹೊರಗೇ ಉಳಿದ. ಬೆಳಿಗ್ಗೆ ನೇತ್ರಾವತಿಯಲ್ಲೂ ನೀರಿಗಿಳಿಯದೆ ಎಲ್ಲರ ಬಟ್ಟೆ ಕಾದವನು ಅವನೇ. ನನಗೆ ರೇಗಿತು. "ಇಷ್ಟು ದೂರ ಬಂದು ದೇವರ ಮುಖ ನೋಡದೆ ಹೋಗ್ತೀಯೇನೋ? ಹೆಣ್ಣು ಹುಡುಗಿ ಥರ ನಾಚಿಕೆ ಬೇರೆ!" ಎಂದುಬಿಟ್ಟೆ. ಹುಡುಗರು ಗೊಳ್ಳೆಂದು ನಕ್ಕರು. ಅವನು ತಲೆ ತಗ್ಗಿಸಿದ.

ಆ ನಗೆ ಯಾಕೆ ಅಷ್ಟು ಜೋರಾಗಿತ್ತು ಎಂದು ತಿಳಿದದ್ದು ಊರಿಗೆ ಬಂದ ಮೇಲೆ. ಹುಡುಗ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವನ ತಾಯಿ ಬಂದು, ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಹೆಂಗೆ ಹೇಳ್ಲಿ ಮೇಡಂ... ಹೆಣ್ಮಕ್ಕಳಿಗೆ ಬರೋ ಹಂಗೆ ಅವನಿಗೆ ಎದೆ ಬಂದೈತೆ. ಪಂಚೆ ಸೀಳಿ ಉಸಿರು ಕಟ್ಟೋ ಹಂಗೆ ಸುತ್ಕೊಂಡಿದ್ದ. ಬಿಚ್ಚಿ ನೋಡಿದ್ರೆ ಮೈಯೆಲ್ಲ ಬಾಸುಂಡೆ." ಪಕ್ಕದ ಮನೆಯ ಅಜ್ಜಿ ಹಿಂಡಿ ತೆಗೆಯಬೇಕು ಎಂದರಂತೆ. ಹಸುಗೂಸಿನ ಎದೆ ಊದಿದರೆ ಹಿಂಡುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದೇ ಲೆಕ್ಕ. ಎರಡೂ ಕಡೆ ಅದು ತಪ್ಪೇ. ಹಿಂಡಿದರೆ ನೋವು, ಕೀವು ಬಿಟ್ಟು ಬೇರೇನೂ ಬರುವುದಿಲ್ಲ.

ನನ್ನ ಮಾತು ನನಗೇ ನೆನಪಾಗಿ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಹೆಣ್ಣುಮಕ್ಕಳು ದೊಡ್ಡವರಾದರೆ ನಾವು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾತಾಡುತ್ತೇವೆ, ನರ್ಸಮ್ಮನನ್ನು ಕರೆಸುತ್ತೇವೆ, ಬೀರುವಿನಲ್ಲಿ ಪ್ಯಾಡಿನ ಪೊಟ್ಟಣ ಇಡುತ್ತೇವೆ. ಗಂಡುಮಕ್ಕಳ ದನಿ ಒಡೆದರೆ, ಮೀಸೆ ಚಿಗುರಿದರೆ ನಗುತ್ತೇವೆ, ಅಷ್ಟೆ. ನಾನು ಬಿ.ಎ., ಬಿ.ಎಡ್., ಸಮಾಜ ಪಾಠ ಹೇಳುವವಳು, ವಿಜ್ಞಾನ ನನಗೆ ಸೇರಿದ್ದಲ್ಲ ಎಂದು ನುಣುಚಿಕೊಳ್ಳಬಹುದಿತ್ತು. ಆದರೆ ನಾನೂ ಇಬ್ಬರು ಗಂಡುಮಕ್ಕಳ ತಾಯಿ.

ಅವನ ತಂದೆ "ನನ್ನ ಕೈಲಾಗಲ್ಲ" ಎಂದರಂತೆ. ಹಾಸನದ ಡಾಕ್ಟರ ಬಳಿಗೆ ನಾನೇ ಜೊತೆಗೆ ಹೋದೆ. ಅವರು ಮೊದಲು ಹೆಂಗಸರಿಬ್ಬರನ್ನೂ ಹೊರಗೆ ಕಳಿಸಿ ಹುಡುಗನನ್ನು ಪರೀಕ್ಷಿಸಿದರು. ನಾವು ಒಳಗೆ ಹೋದಾಗ ಅವನು, ಎಷ್ಟು ದಿನದಿಂದ ನುಂಗಿಕೊಂಡಿದ್ದನೋ, "ನಾನು ಹೆಣ್ಣಾಗ್ತಿದ್ದೀನಾ ಸಾರ್?" ಎಂದು ಕೇಳುತ್ತಿದ್ದ. "ಇಲ್ಲ ಕಣಪ್ಪ, ನೀನು ಗಂಡಸಾಗ್ತಿರೋದಕ್ಕೇ ಇದು" ಎಂದರು ಡಾಕ್ಟರು.

ಅವರು ವಿವರಿಸಿದ್ದು ಇಷ್ಟು. ಗಂಡಿನ ದೇಹದಲ್ಲೂ ಸ್ವಲ್ಪ ಹೆಣ್ಣಿನ ಹಾರ್ಮೋನು ಇದ್ದೇ ಇರುತ್ತದೆ. ಹದಿಮೂರು ಹದಿನಾಲ್ಕರ ಸುಮಾರಿಗೆ ಎರಡರ ತೂಕ ಕೆಲಕಾಲ ಏರುಪೇರಾಗಿ ತೊಟ್ಟಿನ ಕೆಳಗೆ ಬಿಲ್ಲೆಯಂಥ ಗಂಟು ಬೆಳೆಯುತ್ತದೆ, ಮುಟ್ಟಿದರೆ ನೋವು. ಹೆಚ್ಚುಕಡಿಮೆ ಅರ್ಧದಷ್ಟು ಹುಡುಗರಿಗೆ ಅಷ್ಟೋ ಇಷ್ಟೋ ಆಗುವಂಥದ್ದು. ಒಂದೇ ಕಡೆ ಆಗುವುದೂ ಉಂಟು. ಹೆಸರು ಗೈನಕೊಮಾಸ್ಟಿಯಾ. ಆರು ತಿಂಗಳಿಂದ ಎರಡು ವರ್ಷದೊಳಗೆ ಬಹುತೇಕ ತಾನೇ ಕರಗುತ್ತದೆ. ದಪ್ಪ ಮಕ್ಕಳಲ್ಲಿ ಕಾಣುವುದು ಬರಿಯ ಕೊಬ್ಬೂ ಆಗಿರಬಹುದು, ಅಲ್ಲಿ ಬಿಲ್ಲೆ ಸಿಗುವುದಿಲ್ಲ.

"ಹಾಗಾದರೆ ಡಾಕ್ಟರಿಗೆ ತೋರಿಸಬೇಕಾದ್ದು ಯಾವಾಗ?" ಎಂದೆ. ಪ್ರಾಯಕ್ಕೆ ಬರುವ ಮೊದಲೇ, ಚಿಕ್ಕ ಹುಡುಗನಿಗೆ ಕಂಡರೆ ತಡಮಾಡಬಾರದು. ಬೇಗಬೇಗ ದೊಡ್ಡದಾದರೆ, ಗಂಟು ಕಲ್ಲಿನಂತಿದ್ದು ತೊಟ್ಟಿನ ಕೆಳಗಿರದೆ ಪಕ್ಕಕ್ಕಿದ್ದರೆ, ತೊಟ್ಟಿನಿಂದ ರಕ್ತ ಬಂದರೆ, ವೃಷಣದಲ್ಲಿ ಗಂಟು ಸಿಕ್ಕರೆ ಕೂಡಲೇ ಹೋಗಬೇಕು. ಕೆಲವು ಮಾತ್ರೆಗಳಿಂದ, ಜಿಮ್ಮಿನಲ್ಲಿ ಮೈ ಬೆಳೆಸಲು ಕದ್ದು ತೆಗೆದುಕೊಳ್ಳುವ ಸ್ಟಿರಾಯ್ಡಿನಿಂದಲೂ ಬರುತ್ತದೆ. ಥೈರಾಯ್ಡ್, ಯಕೃತ್ತಿನ ತೊಂದರೆಯಿಂದಲೂ ಬರಬಹುದು. ಎರಡು ವರ್ಷವಾದರೂ ಇಳಿಯದಿದ್ದರೆ, ಹದಿನೇಳು ದಾಟಿಯೂ ಉಳಿದರೆ ಆಗ ಚಿಕಿತ್ಸೆಯ ಮಾತು. ಹಳತಾದ ಗಂಟು ನಾರುಗಟ್ಟುವುದರಿಂದ ಔಷಧಿಗೆ ಅಷ್ಟಾಗಿ ಬಗ್ಗುವುದಿಲ್ಲ, ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುತ್ತಾರೆ. "ಇನ್ನೊಂದು ಇದೆ ಮೇಡಂ," ಎಂದರು ಡಾಕ್ಟರು, "ಹುಡುಗ ಶಾಲೆ ಬಿಟ್ಟ, ಆಟ ಬಿಟ್ಟ ಅಂದರೆ ಗಂಟು ಎಷ್ಟೇ ಚಿಕ್ಕದಿರಲಿ, ಕರೆದುಕೊಂಡು ಬನ್ನಿ." ಇವನಿಗೆ ಔಷಧಿ ಬರೆಯಲಿಲ್ಲ. ಬಿಗಿದು ಕಟ್ಟಬೇಡ, ಸಡಿಲ ಅಂಗಿ ಹಾಕಿಕೋ, ಆರು ತಿಂಗಳು ಬಿಟ್ಟು ಬಾ ಎಂದರು.

ಬಸ್ಸಿನಲ್ಲಿ ಬರುವಾಗ, "ಅವತ್ತು ಹಾಗೆ ಅನ್ನಬಾರದಿತ್ತು ಕಣೋ" ಎಂದೆ. ಕಿಟಕಿಯ ಆಚೆ ನೋಡುತ್ತಲೇ "ಇರ್ಲಿ ಬಿಡಿ ಮೇಡಂ" ಎಂದ. ಕ್ಷಮಿಸಿದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಸೋಮವಾರ ಶಾಲೆಗೆ ಬಂದ. ಪಿ.ಟಿ. ಮೇಷ್ಟ್ರಿಗೆ ಮಾತ್ರ ಗುಟ್ಟಾಗಿ ಹೇಳಿ, ಅಣಕಿಸುವವರ ಮೇಲೊಂದು ಕಣ್ಣಿಡಿಸಿದೆ. 2024ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆಯುವ ಹೊತ್ತಿಗೆ ಬಲಗಡೆಯದು ಪೂರ್ತಿ ಹೋಗಿತ್ತು, ಎಡಗಡೆ ಅಡಿಕೆ ಹೋಳಿನಷ್ಟು ಉಳಿದಿದೆ ಎಂದು ಅವನ ತಾಯಿ ಹೇಳಿದರು.

ಆ ವರ್ಷದ ಡಿಸೆಂಬರಿನಲ್ಲಿ ಮತ್ತೆ ಧರ್ಮಸ್ಥಳಕ್ಕೆ ಹೋದೆವು. ಸಾಲಿನಿಂದ ಒಬ್ಬ ಹುಡುಗ ಮೆಲ್ಲನೆ ಈಚೆ ಬಂದು, "ಮೇಡಂ, ನಾನಿಲ್ಲೇ ಇರ್ತೀನಿ, ಚಪ್ಪಲಿ ನೋಡ್ಕೊಳ್ತೀನಿ" ಎಂದ. ಕಾಲು ನೋವೋ, ಸೋಮಾರಿತನವೋ, ಇನ್ನೇನೋ. ನಾನು ಕೇಳಲಿಲ್ಲ. "ನನಗೂ ಮಂಡಿ ನೋವು, ನಾನೂ ಇಲ್ಲೇ ಇರ್ತೀನಿ" ಎಂದು ಅವನ ಪಕ್ಕದಲ್ಲಿ ಕೂತೆ.