ನಾನು ಆ ಊರಿನಲ್ಲಿ ಆಡಿದ್ದೇನೆ ಸಾರ್

ಒಂಬತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ಆಫ್ರಿಕದ ಪೂರ್ವ ಕರಾವಳಿಯ ಯಾವುದಾದರೂ ಒಂದು ದೇಶದ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದ್ದೆ. ಹೆಚ್ಚಿನವರು ಕೀನ್ಯ ಎಂದು ಬರೆದು ಆನೆ, ಸಿಂಹಗಳಲ್ಲಿ ಮುಗಿಸಿದ್ದರು. ಒಬ್ಬನೇ ಒಬ್ಬ ಸೊಮಾಲಿಯವನ್ನು ಆರಿಸಿಕೊಂಡಿದ್ದ: "ಸೊಮಾಲಿಯದ ರಾಜಧಾನಿ ಮೊಗಾದಿಶು. ಅಲ್ಲಿ ಎಲ್ಲರ ಕೈಯಲ್ಲೂ ಬಂದೂಕು ಇರುತ್ತದೆ. ಅವರು ಕೆಟ್ಟವರು. ಅಮೆರಿಕದ ಸೈನಿಕರು ಹೆಲಿಕಾಪ್ಟರಿನಲ್ಲಿ ಬಂದರು. ಅವರು ಗೆದ್ದರು."

ಕರೆದು ವಿಚಾರಿಸಿದೆ. "ನನಗೆ ಗೊತ್ತು ಸಾರ್, ನಾನು ಆ ಊರಿನಲ್ಲಿ ಆಡಿದ್ದೇನೆ" ಎಂದ.

ಓದುಗರೇ, ಹುಡುಗ ಬೇರೆ ಯಾರೂ ಅಲ್ಲ, ಗುಬ್ಬಿಯಲ್ಲಿರುವ ನನ್ನ ಅಕ್ಕನ ಮಗ. ಶಾಲೆಗಾಗಿ ತುಮಕೂರಿನ ನಮ್ಮ ಮನೆಯಲ್ಲಿದ್ದಾನೆ. ಶಾಲೆಯಲ್ಲಿ ನಾನು ಸಾರ್, ಮನೆಯಲ್ಲಿ ಮಾಮು. ರಜೆಗೆ ಊರಿಗೆ ಹೋದಾಗ ಇಂಜಿನಿಯರಿಂಗ್ ಓದುವ ಅಣ್ಣನ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಅವನು ಆಡಿದ್ದು 'ಡೆಲ್ಟಾ ಫೋರ್ಸ್: ಬ್ಲ್ಯಾಕ್ ಹಾಕ್ ಡೌನ್'. 2001ರ ಹಾಲಿವುಡ್ ಸಿನಿಮಾದ ದೃಶ್ಯಗಳನ್ನೇ ಆಟವಾಗಿಸಿ 2025ರ ಫೆಬ್ರವರಿಯಲ್ಲಿ ಉಚಿತವಾಗಿ ಬಿಟ್ಟದ್ದು.

ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಅದೇ ಹೆಸರಿನ ಹಳೆಯ ಆಟ 2003ರಲ್ಲಿ ಬಂದಿತ್ತು. ಆಗ ನಾನು ಮದ್ರಸ ಮುಗಿಸಿ ಬಿ.ಎ.ಗೆ ಸೇರಿದ್ದೆ. ಅಬ್ಬಾಗೆ ತಿಳಿಯದಂತೆ ಗೆಳೆಯರೊಂದಿಗೆ ಸೈಬರ್ ಸೆಂಟರಿಗೆ ಹೋಗಿ, ಯಾರು ಎಷ್ಟು ಜನರನ್ನು ಉರುಳಿಸಿದೆವು ಎಂದು ಲೆಕ್ಕ ಹಾಕುತ್ತಿದ್ದೆವು. ಅಸರ್ ಅದಾನ್ ಕೇಳಿದೊಡನೆ ಎದ್ದು ಮಸೀದಿಗೆ ಓಡುತ್ತಿದ್ದೆ. ನಾನು ಉರುಳಿಸಿ ಬಂದ ಊರಿನವರೂ ಅದೇ ಕಿಬ್ಲಾದ ಕಡೆ ಮುಖ ಮಾಡಿ ನಿಲ್ಲುವವರು ಎಂಬುದು ಒಂದು ದಿನವೂ ಹೊಳೆಯಲಿಲ್ಲ.

ಸಿನಿಮಾ ನೋಡಿ ಮಾಡಿದ ಆಟದಲ್ಲಿ ತಪ್ಪಿರುವುದು ದೊಡ್ಡ ವಿಷಯವಲ್ಲ. 2008ರ ಹಿಂದಿ 'ಗಜನಿ'ಯನ್ನು ಹೈದರಾಬಾದಿನ ಎಫ್‌ಎಕ್ಸ್ ಲ್ಯಾಬ್ಸ್‌ನವರು ಕಂಪ್ಯೂಟರ್ ಆಟ ಮಾಡಿದರು. ಸಿನಿಮಾದ ನಾಯಕ ಹದಿನೈದು ನಿಮಿಷಕ್ಕೊಮ್ಮೆ ಎಲ್ಲವನ್ನೂ ಮರೆಯುವವನು. ಆಟದಲ್ಲೋ ಐದು ಹಂತ, ಹೊಡೆದಾಟ, ಆಯುಧ. ಹಿಂದಿನ ಹಂತದ್ದೆಲ್ಲ ಆಡುವವನಿಗೆ ಚೆನ್ನಾಗಿ ನೆನಪಿರುತ್ತದೆ! ನನ್ನ ತಮ್ಮ ಆಡುತ್ತಿದ್ದಾಗ ನಾವೆಲ್ಲ ನಕ್ಕೆವು. ಸಿನಿಮಾ ಗೊತ್ತಿತ್ತು, ಅದಕ್ಕೇ ನಕ್ಕೆವು.

ನಮ್ಮ ಅಬ್ಬಾ ಕುಣಿಗಲ್‌ನವರು. ಅಲ್ಲಿನ ಕುದುರೆ ಫಾರಂ ಹೆಸರನ್ನು ನೀವು ಕೇಳಿರಬಹುದು, ಟಿಪ್ಪು ಸುಲ್ತಾನರ ಕಾಲದಿಂದ ಕುದುರೆಗೆ ಹೆಸರಾದ ಜಾಗ. ಟಿ.ವಿ.ಯಲ್ಲಿ ನಾಯಕ ಕುದುರೆಯನ್ನು ಹಗಲಿಡೀ ಓಡಿಸುವುದನ್ನು ನೋಡಿ ಅವರು, "ನೀರೂ ಕುಡಿಸದೆ ಓಡಿಸ್ತಾನಲ್ಲ, ಅದೇನು ಮೋಟಾರಾ?" ಎನ್ನುತ್ತಿದ್ದರು. ಇನ್ನು ಗುಬ್ಬಿ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತು. ಆಡುವವರು ಕಥೆಯಲ್ಲಿ ಹೆಚ್ಚುಕಡಿಮೆ ಮಾಡಿದರೂ, ಹಾಗಲ್ಲ ಹೀಗೆ ಎನ್ನಬಲ್ಲ ಅಜ್ಜಿಯರು ಮುಂದೆಯೇ ಕುಳಿತಿರುತ್ತಿದ್ದರು.

ಮೊಗಾದಿಶುವಿನ ವಿಷಯದಲ್ಲಿ ನಮ್ಮ ಹುಡುಗನಿಗೆ ಅಂಥ ಅಜ್ಜಿ ಇಲ್ಲ. ಅವನಿಗೆ ಆಟವೇ ಮೊದಲ ಪಾಠ, ಅದೇ ಕೊನೆಯ ಪಾಠ.

ಆ ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಅಲ್ಲಿ ಅಂತರ್ಯುದ್ಧ ನಡೆದು, ಬರಗಾಲ ಬಂದು ಲಕ್ಷಾಂತರ ಜನ ಸತ್ತಿದ್ದರು. ಅನ್ನ ಹಂಚುವುದಕ್ಕೆ ಕಾವಲಾಗಲೆಂದು 1992ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯ ಇಳಿಯಿತು. ಮುಂದಿನ ಜೂನಿನಲ್ಲಿ ವಿಶ್ವಸಂಸ್ಥೆಯ ಪಡೆಯ 24 ಪಾಕಿಸ್ತಾನಿ ಸೈನಿಕರನ್ನು ಅಲ್ಲಿನ ಬಂದೂಕುಧಾರಿಗಳು ಕೊಂದರು. ಅದೂ ಅನ್ಯಾಯವೇ, ಮುಚ್ಚಿಡಲಾರೆ. ಜುಲೈ 12ರಂದು ಅಮೆರಿಕದ ಹೆಲಿಕಾಪ್ಟರುಗಳು ಕುಲದ ಹಿರಿಯರು ಸೇರಿದ್ದ ಮನೆಯೊಂದರ ಮೇಲೆ ಕ್ಷಿಪಣಿ ಹಾರಿಸಿ ಹತ್ತಾರು ಜನರನ್ನು ಕೊಂದವು. ಊರಿನವರ ಸಿಟ್ಟು ಕುದಿಯತೊಡಗಿದ್ದು ಅಲ್ಲಿಂದ. ಸಿನಿಮಾದಲ್ಲಿ ಆ ದಿನವೇ ಇಲ್ಲ. ಅಕ್ಟೋಬರ್ 3 ಮತ್ತು 4ರ ಕಾಳಗದಲ್ಲಿ 18 ಅಮೆರಿಕನ್ನರು ಸತ್ತರು. ಸೊಮಾಲಿಗಳು ನೂರಾರು ಜನ, ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಸಿನಿಮಾ ತೆಗೆದದ್ದು ಮೊರಾಕೊದಲ್ಲಿ. ಅದರಲ್ಲಿ ಸೊಮಾಲಿ ನಟರೇ ಇರಲಿಲ್ಲ.

"ಹಾಗಾದರೆ ಗೆಲ್ಲಲಿಲ್ವಾ ಮಾಮು?" ಎಂದ.

"ಯಾರನ್ನು ಹಿಡಿಯಲು ಹೊರಟಿದ್ದರೋ ಆ ಐದೀದ್ ಸಿಗಲೇ ಇಲ್ಲ. 1994ರ ಮಾರ್ಚಿನಲ್ಲಿ ಅಮೆರಿಕ ಸೈನ್ಯವನ್ನು ವಾಪಸು ಕರೆಸಿಕೊಂಡಿತು" ಎಂದೆ.

ಅವನ ಕಣ್ಣರಳಿದ್ದು ಮುಂದಿನ ಮಾತಿಗೆ. ಆ ರಾತ್ರಿ ಸುತ್ತುವರಿಯಲ್ಪಟ್ಟ ಅಮೆರಿಕನ್ನರನ್ನು ಹೊರತರಲು ಹೋದದ್ದು ಮಲೇಷ್ಯಾದವರ ಕವಚವಾಹನಗಳು ಮತ್ತು ಪಾಕಿಸ್ತಾನಿಗಳ ಟ್ಯಾಂಕುಗಳು. ಮಲೇಷ್ಯಾದ ಒಬ್ಬ ಸೈನಿಕ ಅಲ್ಲೇ ಪ್ರಾಣ ಬಿಟ್ಟ. ಸಿನಿಮಾದಲ್ಲಿ ಅವರ ಪಾಲು ಕಣ್ಣು ಮಿಟುಕಿಸುವಷ್ಟು. ಈ ಮರೆವಿನ ಬಗ್ಗೆ ಮುಷರ್ರಫ್ 2006ರ ತಮ್ಮ ಆತ್ಮಕಥೆಯಲ್ಲಿ ದೂರಿದ್ದಾರೆ. ಮಲೇಷ್ಯಾದವರು 2023ರಲ್ಲಿ 'ಮಲ್ಬಟ್' ಎಂಬ ತಮ್ಮದೇ ಸಿನಿಮಾ ತೆಗೆದರು. (ಅದರಲ್ಲಿ ಇನ್ನು ಯಾರನ್ನು ಬಿಟ್ಟಿದ್ದಾರೋ, ಸೊಮಾಲಿಗಳನ್ನೇ ಕೇಳಬೇಕು.)

ಇಷ್ಟಾದರೂ ಅವನ ಮನಸ್ಸಿನಲ್ಲಿ ಆ ಊರು ಗುಂಡಿನ ಊರಾಗಿಯೇ ಉಳಿದೀತು ಎನ್ನಿಸಿತು. ಮದ್ರಸದಲ್ಲಿ ಕೇಳಿದ್ದ ಇಬ್ನ್ ಬತೂತಾ ನೆನಪಾದರು. ಸುಮಾರು 1331ರಲ್ಲಿ ಅವರ ಹಡಗು ಮೊಗಾದಿಶು ಮುಟ್ಟಿತು. ಊರು ಬಹಳ ದೊಡ್ಡದು, ಇಲ್ಲಿ ನೇಯ್ದ ಬಟ್ಟೆ ಈಜಿಪ್ಟಿಗೆ ಹೋಗುತ್ತದೆ ಎಂದು ಬರೆದಿಟ್ಟರು. ಮುಂದೆ ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ನೋಡಿದವರು ಅವರೇ.

"ಮಂಗಳೂರಿಗೂ ಬಂದಿದ್ದರಾ?" ಎಂದು ಎದ್ದು ಕೂತ. ನಕಾಶೆಯಲ್ಲಿ ಎರಡೂ ಬಂದರುಗಳ ನಡುವೆ ಬೆರಳೆಳೆದು ನೋಡಿದ. ನಡುವೆ ಇರುವುದು ಬರೀ ನೀರು.

ಮರುದಿನ ಉತ್ತರಪತ್ರಿಕೆ ಹಿಂತಿರುಗಿಸಿದೆ. ಐದಕ್ಕೆ ಒಂದು ಅಂಕ. ರಾಜಧಾನಿಯ ಹೆಸರನ್ನು ಸರಿಯಾಗಿ ಬರೆದಿದ್ದ.